ಸಮ್ಮೋಹನದಲ್ಲಿ ಮೆದುಳಿನ ವ್ಯಾಪಾರ

(ಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಸಮ್ಮೋಹನ, ಅರ್ಥಾತ್ ಹಿಪ್ನಾಟಿಸಮ್ ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಮಠದ ಉತ್ಸವದಲ್ಲಿ ಇಂತಹ ವಿಷಯಕ್ಕೆ ಸ್ಥಾನವೆಲ್ಲಿಯದೆಂದು ಕೆಲವರಿಗೆ ತೋರಬಹುದು. ಆದರೆ ಮೂರು ಪ್ರಶ್ನೆಗಳು ನಮ್ಮ ಸೀಮೆಯ ಭಕ್ತರ ಮನಸ್ಸಿನಲ್ಲಿ ಆಗಾಗ್ಗೆ ಏಳುತ್ತಿರುವುವು. ಒಬ್ಬನು ತನ್ನ ಕಣ್ಣೋಟದಿಂದ ಇನ್ನೊಬ್ಬನ ಮನಸ್ಸನ್ನು ಕಟ್ಟಿ ವಶಮಾಡಿಕೊಳ್ಳಬಲ್ಲನೆ? ಇದು ಮೊದಲನೆಯದು. ಕರಸ್ಥಲದಲ್ಲಿ ಲಿಂಗವನ್ನಿರಿಸಿ ದೃಷ್ಟಿಯನ್ನು ನಿಲ್ಲಿಸುವ ನಮ್ಮ ಪೂಜೆಯೂ ಒಂದು ಬಗೆಯ ಸಮ್ಮೋಹನವೇ ಅಲ್ಲವೆ? ಇದು ವಿದ್ಯಾವಂತ ತರುಣರು ಕೇಳತಕ್ಕ ಎರಡನೆಯ ಪ್ರಶ್ನೆ. ಮನೆಯಲ್ಲಿ ಒಬ್ಬರು ಮೈಮರೆತು ಬಿದ್ದರೆ ಅವರನ್ನು ಎಲ್ಲಿಗೆ ಕರೆದೊಯ್ಯಬೇಕು, ಮಂತ್ರಗಾರನ ಬಾಗಿಲಿಗೋ, ಆಸ್ಪತ್ರೆಗೋ? ಇದು ಮೂರನೆಯದು. ಮೂರನೆಯ ಪ್ರಶ್ನೆಗೆ ತಪ್ಪು ಉತ್ತರವನ್ನು ಕೊಟ್ಟಲ್ಲಿ ಪ್ರಾಣಕ್ಕೇ ಅಪಾಯವುಂಟು. ಸಮ್ಮೋಹನದ ಕಾಲದಲ್ಲಿ ಮೆದುಳಿನೊಳಗೆ ಏನು ನಡೆಯುವುದೆಂಬುದನ್ನು ತಿಳಿದುಕೊಂಡರೆ ಈ ಮೂರಕ್ಕೂ ಬಹುಮಟ್ಟಿಗೆ ಸಮಾಧಾನ ದೊರೆಯುವುದೆಂದು ನಾನು ನಂಬಿರುವೆನು.

ಮೊದಲು ಈ ವಿದ್ಯೆಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡೋಣ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಮೆಸ್ಮರ್ ಎಂಬ ವೈದ್ಯನು ಪ್ಯಾರಿಸ್ ನಗರದಲ್ಲಿ, ಜೀವಿಗಳಲ್ಲೆಲ್ಲಾ ಅಯಸ್ಕಾಂತದಂತಹ ಒಂದು ಸೂಕ್ಷ್ಮದ್ರವವು ಹರಿಯುತ್ತಿರುವುದೆಂದೂ, ಅದನ್ನು ತಾನು ರೋಗಿಗಳ ಮೈಗೆ ಹರಿಯಿಸಿ ಗುಣಪಡಿಸುವೆನೆಂದೂ ಸಾರಿದನು. ಜನರು ಗುಂಪುಗುಂಪಾಗಿ ಬಂದರು; ಕೆಲವರು ನಡುಗಿದರು, ಕೆಲವರು ಮೂರ್ಛೆಹೋದರು, ಕೆಲವರು ಗುಣವಾಯಿತೆಂದರು. ೧೭೮೪ರಲ್ಲಿ ಫ್ರಾನ್ಸಿನ ದೊರೆಯು ಇದರ ನಿಜಸ್ಥಿತಿಯನ್ನು ಪರೀಕ್ಷಿಸಲು ಒಂದು ಮಂಡಲಿಯನ್ನು ನೇಮಿಸಿದನು. ಅಮೆರಿಕೆಯ ಬೆಂಜಮಿನ್ ಫ್ರಾಂಕ್ಲಿನ್ನನೂ ರಸಾಯನಶಾಸ್ತ್ರಜ್ಞನಾದ ಲಾವಾಸಿಯೆಯೂ ಅದರಲ್ಲಿದ್ದರು. ಅವರು ಮಾಡಿದ ಪರೀಕ್ಷೆ ಬಹು ಸರಳವಾದುದು. ತೋಟದಲ್ಲಿ ಒಂದೇ ಒಂದು ಮರಕ್ಕೆ ಆ ಶಕ್ತಿಯನ್ನು ತುಂಬಿಸಿ, ಒಬ್ಬ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ, ಬೇರೆ ಬೇರೆ ಮರಗಳ ಬಳಿಗೆ ಕರೆದೊಯ್ದರು. ಹುಡುಗನು ಮೂರ್ಛೆಹೋದನು; ಆದರೆ ಶಕ್ತಿ ತುಂಬಿದ ಮರದ ಬಳಿಯಲ್ಲಲ್ಲ, ಏನೂ ತುಂಬದ ಮರದ ಬಳಿಯಲ್ಲಿ! ದ್ರವವೆಂಬುದಿಲ್ಲ, ಇದೆಲ್ಲವೂ ಕಲ್ಪನೆಯ ಬಲವೆಂದು ಮಂಡಲಿಯು ತೀರ್ಮಾನಿಸಿತು. ಶಕ್ತಿಯು ಮಾಡುವವನಲ್ಲಿಲ್ಲ, ಮಾಡಿಸಿಕೊಳ್ಳುವವನಲ್ಲಿಯೇ ಇರುವುದೆಂಬ ತತ್ತ್ವಕ್ಕೆ ಅಂದೇ ತಳಹದಿ ಬಿದ್ದಿತು.

ಆ ಬಳಿಕ ಮ್ಯಾಂಚೆಸ್ಟರಿನ ಶಸ್ತ್ರವೈದ್ಯನಾದ ಜೇಮ್ಸ್ ಬ್ರೇಡ್ ಎಂಬುವನು ೧೮೪೧ರಲ್ಲಿ ಇಂತಹ ಪ್ರದರ್ಶನವೊಂದನ್ನು ನೋಡಿ ತಾನೇ ಪ್ರಯೋಗಕ್ಕೆ ತೊಡಗಿದನು. ಹೊಳೆಯುವ ಒಂದು ಸಣ್ಣ ವಸ್ತುವನ್ನು ಕಣ್ಣುಗಳಿಗಿಂತ ಸ್ವಲ್ಪ ಮೇಲೆ ಹಿಡಿದು, ಅದನ್ನೇ ನೋಡುತ್ತ ಅದನ್ನೇ ಭಾವಿಸುತ್ತ ಇರಬೇಕೆಂದು ಹೇಳುವುದು ಅವನ ಕ್ರಮವಾಗಿದ್ದಿತು. ೧೮೪೩ರಲ್ಲಿ ಗ್ರಂಥವೊಂದನ್ನು ಬರೆದು, ನಿದ್ರೆಯೆಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಹಿಪ್ನಾಟಿಸಮ್ ಎಂಬ ಹೆಸರನ್ನು ಬಳಕೆಗೆ ತಂದನು. ಕೆಲವು ವರ್ಷಗಳಲ್ಲಿಯೇ ಆ ಹೆಸರು ಸರಿಯಲ್ಲವೆಂದು ಅವನಿಗೆ ತೋರಿತು. ಇದು ನಿದ್ರೆಯಲ್ಲ, ಮನಸ್ಸು ಒಂದೇ ಭಾವದಲ್ಲಿ ನೆಲೆಗೊಳ್ಳುವ ಸ್ಥಿತಿ ಎಂಬ ಅರ್ಥದ ಬೇರೊಂದು ಹೆಸರನ್ನು ಸೂಚಿಸಿದನು. ಆದರೆ ಲೋಕವು ಹಳೆಯ ಹೆಸರನ್ನು ಬಿಡಲಿಲ್ಲ. ಅದೇ ಕಾಲದಲ್ಲಿ, ೧೮೪೫ರಿಂದ, ನಮ್ಮ ದೇಶದ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯನು, ಕ್ಲೋರೋಫಾರ್ಮ್ ಇನ್ನೂ ಬಳಕೆಗೆ ಬಾರದಿದ್ದ ದಿನಗಳಲ್ಲಿ, ರೋಗಿಗಳನ್ನು ಈ ಸ್ಥಿತಿಗೆ ತಂದು ದೊಡ್ಡ ದೊಡ್ಡ ಗೆಡ್ಡೆಗಳನ್ನು ಕೊಯ್ದು ತೆಗೆದನು. ೧೮೪೬ರಲ್ಲಿ ಕಲ್ಕತ್ತೆಯಲ್ಲಿ ಇದಕ್ಕಾಗಿಯೇ ಒಂದು ಆಸ್ಪತ್ರೆಯೂ ಏರ್ಪಟ್ಟಿತು.

ಇಷ್ಟಾದರೂ ತಲೆಯ ಚಿಪ್ಪಿನೊಳಗೆ ನಡೆಯುವುದೇನೆಂಬುದು ಆಗ ಯಾರಿಗೂ ಕಾಣುವಂತಿರಲಿಲ್ಲ. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ವೈದ್ಯನು ೧೯೨೪ರಲ್ಲಿ ಮನುಷ್ಯನ ನೆತ್ತಿಯ ಮೇಲಿಂದಲೇ ಮೆದುಳಿನ ವಿದ್ಯುತ್ತಿನ ಅಲೆಗಳನ್ನು ಬರೆಯಿಸಿ, ೧೯೨೯ರಲ್ಲಿ ಅದನ್ನು ಪ್ರಕಟಪಡಿಸಿದನು. ಕಣ್ಣುಮುಚ್ಚಿ ಎಚ್ಚರದಿಂದ ವಿಶ್ರಮಿಸುವವನಲ್ಲಿ ಸೆಕೆಂಡಿಗೆ ೮ರಿಂದ ೧೩ ಸಲ ಏರಿಳಿಯುವ ಅಲೆಗಳು ಕಾಣುವುವು. ಇವನ್ನು ಆಲ್ಫಾ ಎನ್ನುವರು. ಗಾಢನಿದ್ರೆಯಲ್ಲಿ ಅಲೆಗಳು ಬಹಳ ನಿಧಾನವಾಗಿ, ಬಹಳ ದೊಡ್ಡವಾಗಿ ಹರಿಯುವುವು. ಸಮ್ಮೋಹಿತನ ಅಲೆಗಳನ್ನು ಬರೆಯಿಸಿ ನೋಡಲಾಗಿ ಅವು ನಿದ್ರೆಯವನ ಅಲೆಗಳಂತಿರದೆ ಎಚ್ಚರವಿರುವವನ ಅಲೆಗಳಂತೆಯೇ ಇದ್ದುವು. ಹೀಗಾಗಿ ಇದು ನಿದ್ರೆಯಲ್ಲವೆಂಬ ಬ್ರೇಡನ ಅನುಮಾನವು ಯಂತ್ರದ ಸಾಕ್ಷ್ಯದಿಂದ ಸ್ಥಿರಪಟ್ಟಿತು.

ಅನಂತರ ಮೆದುಳಿನ ಯಾವ ಭಾಗದಲ್ಲಿ ರಕ್ತಸಂಚಾರವು ಹೆಚ್ಚುವುದು, ಎಲ್ಲಿ ತಗ್ಗುವುದು ಎಂಬುದನ್ನು ಚಿತ್ರವಾಗಿ ತೋರಿಸುವ ಯಂತ್ರಗಳು ಬಂದುವು. ಅವುಗಳ ಮೂಲಕ ನಡೆದ ಮೂರು ಪರೀಕ್ಷೆಗಳನ್ನು ಅರಿಕೆ ಮಾಡುವೆನು.

ಮೊದಲನೆಯದು ನೋವಿನದು. ಕೆನಡಾ ದೇಶದ ಮಾಂಟ್ರಿಯಲ್‌ನಲ್ಲಿ ರೆನ್ವಿಲ್ ಮೊದಲಾದವರು ಸಮ್ಮೋಹಿತರ ಕೈಯನ್ನು ೪೭ ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿರಿಸಿ, ಆ ನೋವಿನ ಅಹಿತವು ಹೆಚ್ಚುವುದೆಂದು ಒಮ್ಮೆಯೂ, ತಗ್ಗುವುದೆಂದು ಇನ್ನೊಮ್ಮೆಯೂ ಸೂಚಿಸಿದರು. ೧೯೯೭ರಲ್ಲಿ ಪ್ರಕಟವಾದ ಫಲವಿದು: ಬಿಸಿಯು ಎಲ್ಲಿ, ಎಷ್ಟು ಎಂಬುದನ್ನು ಗ್ರಹಿಸುವ ಮೆದುಳಿನ ಭಾಗವು ಎರಡು ಸಲವೂ ಬಹುಮಟ್ಟಿಗೆ ಒಂದೇ ಬಗೆಯಾಗಿ ಕೆಲಸಮಾಡಿತು, ನೋವಿನಿಂದಾಗುವ ಸಂಕಟವನ್ನು ಅನುಭವಿಸುವುದರಲ್ಲಿ ಪಾಲುಗೊಳ್ಳುವ ಸಿಂಗ್ಯುಲೇಟ್ ಎಂಬ ಭಾಗದ ಚಟುವಟಿಕೆಯಾದರೋ ಸೂಚನೆಗೆ ತಕ್ಕಂತೆ ಏರಿತು, ಇಳಿಯಿತು. ಇದನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ಬಿಸಿ ಹೋಗಲಿಲ್ಲ, ಬಿಸಿಯ ಸುದ್ದಿಯೂ ನಿಲ್ಲಲಿಲ್ಲ. ಆ ಸುದ್ದಿಯಿಂದ ಬರುವ ಸಂಕಟವು ಮಾತ್ರ ಬದಲಾಯಿತು.

ಎರಡನೆಯದು ಓದಿನದು. ‘ಕೆಂಪು’ ಎಂಬ ಅಕ್ಷರಗಳನ್ನು ಹಸಿರು ಶಾಯಿಯಲ್ಲಿ ಬರೆದು ಶಾಯಿಯ ಬಣ್ಣವನ್ನು ಹೇಳೆಂದರೆ ಓದು ಬಲ್ಲ ಯಾರಾದರೂ ಕ್ಷಣಕಾಲ ತಡವರಿಸುವರು. ಸಮ್ಮೋಹನಕ್ಕೆ ಸುಲಭವಾಗಿ ಒಳಗಾಗುವ ಜನರಿಗೆ, ಕಾಣುವ ಅಕ್ಷರಗಳು ಅರ್ಥವಿಲ್ಲದ ಗೀರುಗಳೆಂದು ಸೂಚಿಸಿದಾಗ ಆ ತಡವರಿಕೆಯು ಬಹಳ ತಗ್ಗಿತು. ಮೆದುಳಿನಲ್ಲಿ ತೊಡಕನ್ನು ಗುರುತಿಸುವ ಭಾಗದ ಚಟುವಟಿಕೆಯೂ ತಗ್ಗಿತು. ಅಮಿರ್ ರಾಜ್ ಮೊದಲಾದವರ ಈ ಪ್ರಯೋಗವು ೨೦೦೫ರಲ್ಲಿ ಪ್ರಕಟವಾಯಿತು. ಬಾಲ್ಯದಿಂದ ಬೇರೂರಿದ ಅಭ್ಯಾಸವನ್ನೂ ಕೆಲಕಾಲ ಬದಿಗಿಡುವ ಶಕ್ತಿ ಮೆದುಳಿಗುಂಟೆಂಬುದು ಇದರಿಂದ ತಿಳಿಯುವುದು.

ಮೂರನೆಯದು ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ್ದು. ೨೦೧೬ರಲ್ಲಿ ಬೆಳಕಿಗೆ ಬಂದಿತು. ೫೪೫ ಜನರನ್ನು ಪರೀಕ್ಷಿಸಿ, ಸುಲಭವಾಗಿ ಸಮ್ಮೋಹಿತರಾಗುವ ೩೬ ಜನರನ್ನೂ, ಸುಲಭವಾಗಿ ಆಗದ ೨೧ ಜನರನ್ನೂ ಆರಿಸಿಕೊಂಡು ಅವರ ಮೆದುಳಿನ ಚಿತ್ರಗಳನ್ನು ತೆಗೆದರು. ಅಲ್ಲಿ ಕಂಡುದನ್ನು ನಮ್ಮ ಹಿಂದಿನ ಕಾಲದ ಊರಾಡಳಿತದ ಹೋಲಿಕೆಯಿಂದ ಹೇಳಿದರೆ ಸುಲಭವಾಗಿ ತಿಳಿಯುವುದು. ಹಣೆಯ ಹಿಂದಿರುವ ಭಾಗವು ಕೆಲಸವನ್ನು ನಡೆಯಿಸುವ ಗೌಡನಿದ್ದಂತೆ. ಇನ್ಸುಲಾ ಎಂಬ ಒಳಮಡಿಕೆಯು ಮೈಯ ಸುದ್ದಿಗಳನ್ನೆಲ್ಲಾ ಲೆಕ್ಕಕ್ಕೆ ಬರೆದುಕೊಳ್ಳುವ ಶಾನುಭೋಗನಿದ್ದಂತೆ. ಮೊದಲು ಹೇಳಿದ ಸಿಂಗ್ಯುಲೇಟಿನ ಮೇಲ್ಭಾಗವು, ಎಲ್ಲಿ ಸದ್ದಾದರೂ ಅತ್ತ ಓಡುವ ತಳವಾರನಿದ್ದಂತೆ. ಇವರಲ್ಲದೆ, ಕೆಲಸವಿಲ್ಲದ ಹೊತ್ತಿನಲ್ಲಿ ‘ನಾನು, ನನ್ನದು, ನಿನ್ನೆ ಹೀಗಾಯಿತು, ನಾಳೆ ಹೇಗೋ’ ಎಂದು ತನ್ನನ್ನೇ ಕುರಿತು ಹರಟುವ ಕಟ್ಟೆಯೊಂದು ಮೆದುಳಿನಲ್ಲುಂಟು. ಸುಲಭವಾಗಿ ಸಮ್ಮೋಹಿತರಾಗುವವರಲ್ಲಿ ಆ ಸ್ಥಿತಿ ಬಂದಾಗ ತಳವಾರನ ಓಡಾಟವು ತಗ್ಗಿತು. ಗೌಡನಿಗೂ ಶಾನುಭೋಗನಿಗೂ ಸಂಬಂಧವು ಬಿಗಿಯಾಯಿತು. ಗೌಡನಿಗೂ ಹರಟೆಯ ಕಟ್ಟೆಗೂ ಇದ್ದ ಸಂಬಂಧವು ಸಡಿಲಿತು. ಹೊರಗಿನ ಸದ್ದಿಗೆ ಮನಸ್ಸು ಹರಿಯದು. ಮೈಯ ಮೇಲೆ ಮನಸ್ಸಿನ ಹಿಡಿತ ಹೆಚ್ಚುವುದು. ‘ಇದನ್ನು ನಾನು ಮಾಡುತ್ತಿರುವೆನು’ ಎಂಬ ಎಣಿಕೆ ತೆಳುವಾಗುವುದು. ಆದುದರಿಂದಲೇ ಸಮ್ಮೋಹಿತನು ಕೈಯೆತ್ತಿದರೂ ಕೈ ತಾನಾಗಿಯೇ ಎದ್ದಿತೆನ್ನುವನು. ಆದರೆ ಎತ್ತಿದುದು ಅವನದೇ ಮೆದುಳು, ಅವನದೇ ತೋಳು.

ಇದು ನಮಗೆ ತೀರ ಹೊಸದಾದುದೂ ಅಲ್ಲ. ಮೊಳಕಾಲ್ಮೂರಿನಲ್ಲಿ ರೇಷ್ಮೆಸೀರೆಯ ಅಂಚಿನ ಬುಟ್ಟಾ ತೆಗೆಯುತ್ತ ಮಗ್ಗದಲ್ಲಿ ಕುಳಿತ ನೇಕಾರನನ್ನು ಹೊಸ್ತಿಲಿನಿಂದ ಕೂಗಿ ನೋಡಿರಿ. ಕಿವಿಯಲ್ಲಿ ದೋಷವಿಲ್ಲದಿದ್ದರೂ ಕೂಗು ಕೇಳುವುದಿಲ್ಲ. ಮನಸ್ಸೆಲ್ಲವೂ ಲಾಳಿಯ ಜೊತೆಯಲ್ಲಿ ಓಡಾಡುತ್ತಿರುವುದು. ಅವನನ್ನು ಯಾರೂ ವಶಮಾಡಿಕೊಂಡಿಲ್ಲ. ಅವನೇ ತನ್ನ ಕೆಲಸದಲ್ಲಿ ಲೀನನಾಗಿರುವನು. ಸಮ್ಮೋಹನವೂ ಇದೇ ಶಕ್ತಿಯ ತೀವ್ರವಾದ ರೂಪ. ಎಲ್ಲರಿಗೂ ಇದು ಸಮವಾಗಿ ಬಂದಿರುವುದೂ ಇಲ್ಲ. ಕೆಲವರು ಬೇಗ ಒಳಗಾಗುವರು, ಕೆಲವರು ಏನು ಮಾಡಿದರೂ ಒಳಗಾಗರು, ಬಹುಜನರು ನಡುವೆ ಇರುವರು. ೧೯೮೯ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅದೇ ೫೦ ಜನರನ್ನು ೨೫ ವರ್ಷಗಳ ಬಳಿಕ ಪುನಃ ನೋಡಲಾಗಿ, ಒಬ್ಬೊಬ್ಬರ ಗುಣವೂ ಬಹುಮಟ್ಟಿಗೆ ಮೊದಲಿದ್ದಂತೆಯೇ ಇದ್ದಿತು. ಶಕ್ತಿಯು ಸಮ್ಮೋಹನಗಾರನ ಕಣ್ಣಿನಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ವಶೀಕರಣವೆಂದು ಹೇಳಿ ಹಣ ಸುಲಿಯುವವರಿಗೆ ಅಂಜಬೇಕಾದುದಿಲ್ಲ. ಅವರ ಬಲವೆಲ್ಲವೂ ನಮ್ಮ ಅಂಜಿಕೆಯೇ. ಮೊದಲನೆಯ ಪ್ರಶ್ನೆಗೆ ಇದೇ ಉತ್ತರ.

ಈ ಶಕ್ತಿಯನ್ನು ವೈದ್ಯರು ಸದುಪಯೋಗಪಡಿಸಿಕೊಂಡಿರುವರು. ೨೪೧ ರೋಗಿಗಳನ್ನು ಮೂರು ಗುಂಪು ಮಾಡಿ ನಡೆಯಿಸಿದ ಪರೀಕ್ಷೆಯೊಂದು ೨೦೦೦ದಲ್ಲಿ ಪ್ರಕಟವಾಯಿತು. ಎಚ್ಚರವಿದ್ದಂತೆಯೇ ರಕ್ತನಾಳ ಮುಂತಾದವುಗಳಲ್ಲಿ ಸೂಕ್ಷ್ಮಚಿಕಿತ್ಸೆ ಮಾಡಿಸಿಕೊಂಡವರಲ್ಲಿ, ಸ್ವಯಂ ಸಮ್ಮೋಹನದ ಸಹಾಯ ಪಡೆದವರಿಗೆ ನೋವಿನ ಔಷಧವು ಕಡಮೆ ಬೇಕಾಯಿತು. ಸಾಧಾರಣ ಕ್ರಮದಲ್ಲಿ ಸರಾಸರಿ ೭೮ ನಿಮಿಷ ಹಿಡಿದ ಕೆಲಸವು ೬೧ ನಿಮಿಷಗಳಲ್ಲಿ ಮುಗಿಯಿತು. ಆದರೆ ಬಿಸಿನೀರಿನ ಪರೀಕ್ಷೆಯನ್ನು ಮರೆಯಬಾರದು. ಸಂಕಟ ತಗ್ಗಿದ ಮಾತ್ರಕ್ಕೆ ರೋಗ ಹೋಯಿತೆಂದಲ್ಲ. ಬಂಗಾಳದ ರೋಗಿಗಳ ಗೆಡ್ಡೆಯನ್ನು ತೆಗೆದುದು ಎಸ್ಡೇಲನ ಕತ್ತಿಯೇ ಹೊರತು ಸಮ್ಮೋಹನವಲ್ಲ.

ಇನ್ನು ಎರಡನೆಯ ಪ್ರಶ್ನೆ. ಬ್ರೇಡನು ಹೊಳೆಯುವ ವಸ್ತುವನ್ನು ನೋಡಿಸಿದನು. ನಾವು ಅಂಗೈಯಲ್ಲಿನ ಲಿಂಗವನ್ನು ನೋಡುವೆವು. ಎರಡರಲ್ಲಿಯೂ ದೃಷ್ಟಿ ನಿಲ್ಲುವುದು, ಎರಡರಲ್ಲಿಯೂ ಮನಸ್ಸು ಒಂದೆಡೆಗೆ ಸೇರುವುದು. ಈ ಸಾಮ್ಯವನ್ನು ಅಲ್ಲಗಳೆಯುವುದು ಸರಿಯಲ್ಲ, ಅಗತ್ಯವೂ ಅಲ್ಲ. ಏಕಾಗ್ರತೆಯು ಮೆದುಳಿಗೆ ಸಹಜವಾದ ಗುಣ. ಭೇದವಿರುವುದು ಮುಂದಿನ ಹೆಜ್ಜೆಯಲ್ಲಿ. ಸಮ್ಮೋಹನದಲ್ಲಿ ಏಕಾಗ್ರವಾದ ಮನಸ್ಸಿಗೆ ಹೊರಗಿನಿಂದ ಒಂದು ಸೂಚನೆ ಬರುವುದು, ಮನಸ್ಸು ಅದರಂತೆ ನಡೆಯುವುದು. ಲಿಂಗಪೂಜೆಯಲ್ಲಿ ಸೂಚನೆ ಕೊಡತಕ್ಕ ಎರಡನೆಯವನಿಲ್ಲ. ನೋಡುವವನೂ ತಾನೇ, ನೋಟವನ್ನು ಕಾಯುವವನೂ ತಾನೇ; ಕುರುಹಿನಿಂದ ಅರಿವಿಗೆ ನಡೆಯುವುದೇ ಗುರಿ. ಒಂದರಲ್ಲಿ ತಳವಾರನು ಕೆಲಕಾಲ ತೂಕಡಿಸುವನು. ಇನ್ನೊಂದರಲ್ಲಿ ಅವನನ್ನೇ ಎಚ್ಚರವಾಗಿರಲು ಕಲಿಸುವುದು. ಇದು ಯಂತ್ರದಿಂದ ಅಳೆದ ಮಾತಲ್ಲ, ಸಾಧನೆಯ ಕ್ರಮವನ್ನು ನೋಡಿ ಹೇಳುವ ಮಾತು.

ಧ್ಯಾನದ ವಿಷಯದಲ್ಲಿ ಯಂತ್ರದ ಸಾಕ್ಷ್ಯವೂ ಕೆಲವುಂಟು. ದಿಲ್ಲಿಯಲ್ಲಿ ಆನಂದ್, ಛೀನಾ ಮತ್ತು ಬಲದೇವ ಸಿಂಗ್ ಎಂಬ ವೈದ್ಯವಿಜ್ಞಾನಿಗಳು ಯೋಗಿಗಳನ್ನು ಪರೀಕ್ಷಿಸಿ ೧೯೬೧ರಲ್ಲಿ ಫಲವನ್ನು ಪ್ರಕಟಿಸಿದರು. ಧ್ಯಾನಸ್ಥರ ಆಲ್ಫಾ ಅಲೆಗಳು ಹೊರಗಿನ ಪ್ರಚೋದನೆಗಳಿಂದ ಮುರಿಯಲಿಲ್ಲ. ಇಬ್ಬರು ಯೋಗಿಗಳು ಮಂಜಿನಂತೆ ತಣ್ಣಗಿರುವ ನೀರಿನಲ್ಲಿ ೪೫ರಿಂದ ೫೫ ನಿಮಿಷ ಕೈಯಿಟ್ಟಿದ್ದರೂ ಆ ಅಲೆಗಳು ಹಾಗೆಯೇ ನಡೆದುವು. ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಎರಡನೆಯ ಆವರಣವನ್ನುಳ್ಳ ಭಾರತೀಯ ವಿಜ್ಞಾನ ಸಂಸ್ಥೆಯವರು, ಕಣ್ತೆರೆದು ಧ್ಯಾನಿಸುವ ರಾಜಯೋಗಾಭ್ಯಾಸಿಗಳ ಮೆದುಳಿನ ಅಲೆಗಳನ್ನು ಈಚಿನ ವರ್ಷಗಳಲ್ಲಿ ಬರೆಯಿಸಿ ನೋಡಿದರು. ಗ್ಯಾಮಾ ಎಂಬ ವೇಗವಾದ ಅಲೆಗಳು ಧ್ಯಾನಾಭ್ಯಾಸವಿಲ್ಲದವರಿಗಿಂತ ಅವರಲ್ಲಿ ಹೆಚ್ಚು ಬಲವಾಗಿದ್ದುವು. ಧ್ಯಾನವು ಮಂಕು ಕವಿಯುವ ಸ್ಥಿತಿಯಲ್ಲವೆಂಬುದಕ್ಕೆ ಇವು ಸಾಕ್ಷಿ. ಆದರೂ ಅಲೆಯ ಏರಿಳಿತದಿಂದ ಭಕ್ತಿಯ ಬೆಲೆ ಕಟ್ಟಲು ಹೋಗಬಾರದು. ತಕ್ಕಡಿಯಲ್ಲಿ ಹೂವಿನ ತೂಕ ತಿಳಿಯುವುದಲ್ಲದೆ ಪರಿಮಳ ತಿಳಿಯದು.

ಕಡೆಯದಾಗಿ ಮೂರನೆಯ ಪ್ರಶ್ನೆ. ನನ್ನ ಉಪನ್ಯಾಸದಲ್ಲಿ ಮುಖ್ಯವಾದುದು ಇದೇ. ನಮ್ಮ ಸೀಮೆಯ ಜಾತ್ರೆಗಳಲ್ಲಿ ಉರುಮೆ ತಮಟೆಗಳ ಗತಿ ಏರಿದಂತೆಲ್ಲಾ ಕೆಲವರಿಗೆ ಮೈದುಂಬುವುದನ್ನು ಎಲ್ಲರೂ ಬಲ್ಲರು. ಇಂತಹುದೇ ಪದ್ಧತಿಯು ಬಾಲಿ ದ್ವೀಪದಲ್ಲಿಯೂ ಉಂಟು. ಜಪಾನಿನ ಸಂಶೋಧಕರು ಅಲ್ಲಿ ಉತ್ಸವವು ನಡೆಯುತ್ತಿರುವಾಗಲೇ, ಮೈದುಂಬಿದ ಒಬ್ಬನ ಮೆದುಳಿನ ಅಲೆಗಳನ್ನು ಬರೆಯಿಸಿ ೨೦೦೨ರಲ್ಲಿ ಪ್ರಕಟಿಸಿದರು. ಥೀಟಾ ಮತ್ತು ಆಲ್ಫಾ ಅಲೆಗಳು ಹೆಚ್ಚಿದ್ದುವು. ಅಪಸ್ಮಾರದ ಚಿಹ್ನೆ ಲವಲೇಶವೂ ಇರಲಿಲ್ಲ. ಮೂರ್ಛೆರೋಗವು ಹಾಗಲ್ಲ. ಅದರಲ್ಲಿ ಮೆದುಳಿನ ಕಣಗಳು ಒಮ್ಮೆಗೇ ಕ್ರಮಗೆಟ್ಟು ವಿದ್ಯುತ್ತನ್ನು ಹರಿಯಬಿಡುವುವು. ಹೊರಗಿನವರ ಕಣ್ಣಿಗೆ ಎರಡೂ ಒಂದೇ ಬಗೆಯಾಗಿ ಕಂಡರೂ ಒಳಗೆ ಅಜಗಜಾಂತರವುಂಟು. ಒಂದು ಕೆಲಹೊತ್ತಿನಲ್ಲಿ ಇಳಿಯುವ ಮನಸ್ಸಿನ ಆವೇಶ. ಮತ್ತೊಂದು ಔಷಧವನ್ನು ಬೇಡುವ ಮೆದುಳಿನ ರೋಗ. ಸರಿಯಾದ ಔಷಧವನ್ನು ಕ್ರಮವಾಗಿ ಕೊಟ್ಟರೆ ಈ ರೋಗಿಗಳಲ್ಲಿ ನೂರಕ್ಕೆ ೭೦ರಷ್ಟು ಜನ ಮೂರ್ಛೆಯಿಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವುದು. ಬಿದ್ದವರ ಕೈಗೆ ಕಬ್ಬಿಣ ಕೊಡುವುದರಿಂದ ಫಲವಿಲ್ಲ, ಬಾಯಿಗೆ ಏನನ್ನೂ ತುರುಕಬಾರದು, ಮಗ್ಗುಲಾಗಿ ಮಲಗಿಸಬೇಕು, ಐದು ನಿಮಿಷವಾದರೂ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ಚಿತ್ತವಿಕಾರದ ಮಾತೂ ಇಂತಹುದೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ತಮಿಳುನಾಡಿನ ಒಂದು ದೇವಾಲಯದಲ್ಲಿ ತಂಗಿದ್ದ ೩೧ ರೋಗಿಗಳನ್ನು ಪರೀಕ್ಷಿಸಿ ೨೦೦೨ರಲ್ಲಿ ಲೇಖನ ಬರೆದರು. ಮನೆಯವರು ಜೊತೆಯಲ್ಲಿರುವರು, ದಿನವೂ ದೇವಾಲಯದ ಸಣ್ಣಪುಟ್ಟ ಕೆಲಸ. ಕೆಲವು ವಾರಗಳಲ್ಲಿ ಅವರ ರೋಗಲಕ್ಷಣಗಳು ಸುಮಾರು ನೂರಕ್ಕೆ ೨೦ರಷ್ಟು ತಗ್ಗಿದ್ದುವು. ಅದೇ ತಮಿಳುನಾಡಿನ ಎರ್ವಾಡಿಯಲ್ಲಿ ೨೦೦೧ರ ಆಗಸ್ಟ್ ೬ರಂದು, ಗುಣವಾದೀತೆಂದು ಮನೆಯವರು ಬಿಟ್ಟುಬಂದಿದ್ದ ಮನೋರೋಗಿಗಳು ಸರಪಳಿಯಲ್ಲಿರುವಾಗಲೇ ಬೆಂಕಿ ಬಿದ್ದು, ಓಡಲಾರದೆ ೨೮ ಜನ ಪ್ರಾಣಬಿಟ್ಟರು. ಎರಡು ಕಡೆಯೂ ನಂಬಿಕೆಯಿದ್ದಿತು. ಒಂದು ಕಡೆ ನಂಬಿಕೆಯ ಜೊತೆಗೆ ದಯೆಯಿದ್ದಿತು. ಇನ್ನೊಂದು ಕಡೆ ಸರಪಳಿಯಿದ್ದಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಮನೋರೋಗಿಗಳನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿರುವುದು.

ಔಷಧವು ದೂರದಲ್ಲಿದೆಯೆಂಬ ನೆವಕ್ಕೂ ಈಗ ಎಡೆಯಿಲ್ಲ. ಮೊಳಕಾಲ್ಮೂರಿಗೆ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ೧೯೮೫ರಲ್ಲಿ ನಿಮ್ಹಾನ್ಸಿನವರು, ಹಳ್ಳಿಯ ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಪಸ್ಮಾರಕ್ಕೂ ಚಿತ್ತರೋಗಗಳಿಗೂ ಊರಿನ ಬಳಿಯಲ್ಲೇ ಚಿಕಿತ್ಸೆ ದೊರೆಯುವ ಏರ್ಪಾಟನ್ನು ಪ್ರಾರಂಭಿಸಿದರು. ೧೯೯೬ರಲ್ಲಿ ಭಾರತ ಸರ್ಕಾರವು ಕೈಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸೇವೆಯ ೧೪೪೧೬ ಎಂಬ ಸಂಖ್ಯೆಗೆ ಕರೆಮಾಡಿದರೆ, ಖರ್ಚಿಲ್ಲದೆ ಸಲಹೆ ದೊರೆಯುವುದು.

ಶರಣಬಂಧುಗಳೇ, ಹೇಳಿದುದನ್ನು ಕೂಡಿಸಿ ಹೇಳುವೆನು. ಸಮ್ಮೋಹನದಲ್ಲಿ ಮೆದುಳು ನಿದ್ರಿಸುವುದೂ ಇಲ್ಲ, ಪರಾಧೀನವಾಗುವುದೂ ಇಲ್ಲ. ತನ್ನದೇ ಗಮನವನ್ನು ಒಂದೆಡೆಗೆ ಕೂಡಿಸಿಕೊಂಡು ತನ್ನದೇ ಸಂಕಟವನ್ನು ಕೆಲಮಟ್ಟಿಗೆ ಆಳುವುದು. ಆ ಶಕ್ತಿಯು ಮನುಷ್ಯನ ಸ್ವಂತ ಸೊತ್ತು. ಅದು ಸಂಕಟವನ್ನು ತಗ್ಗಿಸಬಲ್ಲುದು. ರೋಗದ ಬೇರನ್ನು ಕೀಳಲಾರದು. ಆದಕಾರಣ ಮಠಕ್ಕೆ ಬಂದು ವಿಭೂತಿಯನ್ನು ಧರಿಸಿರಿ, ಶಾಂತಿಯನ್ನು ಪಡೆಯಿರಿ. ಅದೇ ದಿನ ರೋಗಿಯನ್ನು ತಾಲ್ಲೂಕಿನ ಆಸ್ಪತ್ರೆಗೂ ಕರೆದೊಯ್ಯಿರಿ. ಔಷಧವನ್ನು ತಪ್ಪದೆ ನುಂಗಿಸುವುದೂ ಒಂದು ಕಾಯಕವೇ, ರೋಗಿಯನ್ನು ಕಟ್ಟಿಹಾಕದೆ ಬಳಿಯಲ್ಲಿ ಕುಳಿತಿರುವುದೂ ಒಂದು ದಾಸೋಹವೇ. ಮಠದ ಪ್ರತಿಯೊಬ್ಬ ಶಿಷ್ಯನೂ ತನ್ನ ಊರಿನಲ್ಲಿ ಮೂರ್ಛೆಬೀಳುವ ಒಂದು ಮಗುವನ್ನಾದರೂ ವೈದ್ಯರ ಬಳಿಗೆ ಸೇರಿಸಿದಲ್ಲಿ ಈ ಮಹೋತ್ಸವವು ಸಾರ್ಥಕವಾಗುವುದೆಂದು ವಿಜ್ಞಾಪಿಸಿಕೊಳ್ಳುವೆನು.